ಗೆರೆ ಬಂದಾಗ ಗಡಿಯಾರ ನೋಡು

ನಾನು ಚಿಕ್ಕವನಿದ್ದಾಗ, ನನಗೆ ಒಂದಕ್ಷರವೂ ಅರ್ಥವಾಗದ ಇಂಗ್ಲಿಷನ್ನು ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷ ಪೂರ್ತಿ. ಆಗಿನ ಕಾಲವೇ ಚೆನ್ನಾಗಿತ್ತು ಎನ್ನುವ ತಾತಂದಿರ ಪೈಕಿ ನಾನಲ್ಲ, ಮಕ್ಕಳೇ. ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ಯಾವಾಗಲೂ ಸುಸ್ತಾಗಿರುತ್ತಿತ್ತು. ಅಪ್ಪನಿಗೆ ಮಿಲ್ಲಿನ ಸುಸ್ತು, ಅಮ್ಮನಿಗೆ ನೀರು ಹೊತ್ತ ಸುಸ್ತು, ಅಕ್ಕನಿಗೆ ಆಫೀಸಿನ ಸುಸ್ತು. ಹನ್ನೆರಡು ವರ್ಷದ ನನಗೆ ಅವರನ್ನೆಲ್ಲ ನೋಡಿ ನೋಡಿಯೇ ಸುಸ್ತು.

ನಾವಿದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಎರಡು ಕೋಣೆ, ಮುಂದೊಂದು ಕಿರಿದಾದ ಜಗಲಿ, ಐದು ಮನೆಗೆ ಒಂದು ನಲ್ಲಿ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಕಡೆ ಕೆಲಸ ಮಾಡುತ್ತಿದ್ದರು. ಮನೆಗೆ ಬರುವಾಗ ಅವರ ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಸ್ನಾನ ಮಾಡಿದರೆ ಮೈಮೇಲಿನ ಧೂಳು ಹೋಗುತ್ತಿತ್ತು; ಒಳಗೆ ಹೋದದ್ದು ಕೆಮ್ಮಾಗಿ ಅಲ್ಲೇ ಕೂತಿತ್ತು. ಮಿಲ್ಲು ಬಿಡಲೇಬೇಕು ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅಪ್ಪನದು ಒಂದೇ ಉತ್ತರ: "ಮಗಳು ಪಾಸಾಗ್ಲಿ ಡಾಕ್ಟ್ರೇ, ಮಾರನೇ ದಿನಾನೇ ಬಿಟ್ಬಿಡ್ತೀನಿ."

ಅಕ್ಕ ಪಾಸಾಗಬೇಕಿದ್ದದ್ದು ಶಾರ್ಟ್‌ಹ್ಯಾಂಡ್ ಪರೀಕ್ಷೆ. ಅದೇನೆಂದು ನಿಮಗೆ ಗೊತ್ತಿರಲಾರದು. ಸಾಹೇಬರು ಬಾಯಲ್ಲಿ ಹೇಳುತ್ತಾ ಹೋದ ಕಾಗದವನ್ನು, ಅವರು ಹೇಳುವಷ್ಟೇ ವೇಗವಾಗಿ, ಗೆರೆ, ಕೊಂಡಿ, ಚುಕ್ಕಿಗಳಲ್ಲಿ ಬರೆದುಕೊಳ್ಳುವ ವಿದ್ಯೆ ಅದು. ಆಮೇಲೆ ಆ ಗೀಚನ್ನು ನೋಡಿಕೊಂಡು ಪೂರ್ತಿ ಕಾಗದವನ್ನು ಟೈಪ್ ಮಾಡಬೇಕು. ಅಕ್ಕ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು, ಆದರೆ ಅದು ಖಾಯಂ ಕೆಲಸವಲ್ಲ. ಪರೀಕ್ಷೆ ಪಾಸಾಗಿ ಬಂದರೆ ಅಲ್ಲೇ ಖಾಲಿಯಿದ್ದ ಸ್ಟೆನೋ ಕೆಲಸ ನಿನಗೇ ಎಂದು ಮ್ಯಾನೇಜರು ಹೇಳಿದ್ದರು. ಆ ಕೆಲಸ ಸಿಕ್ಕಿದರೆ ಅಪ್ಪ ಮನೆಯಲ್ಲಿ ಕೂತು ನೆಮ್ಮದಿಯಾಗಿ ಉಸಿರಾಡಬಹುದಿತ್ತು. ಇಷ್ಟು ಮಾತ್ರ ನನಗೆ ಆ ವಯಸ್ಸಿನಲ್ಲೇ ಚೆನ್ನಾಗಿ ಅರ್ಥವಾಗಿತ್ತು.

ಅಕ್ಕನಿಗೆ ಕಷ್ಟ ಕೊಡುತ್ತಿದ್ದದ್ದು ದೊಡ್ಡ ದೊಡ್ಡ ಪದಗಳಲ್ಲ. ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡು ಬರುವ ಪುಟ್ಟ ಪದಗಳು. 'ಲುಕ್ ಆಫ್ಟರ್' ಎಂದರೆ ನೋಡಿಕೊಳ್ಳುವುದು, 'ಲುಕ್ ಫಾರ್' ಎಂದರೆ ಹುಡುಕುವುದು, 'ಲುಕ್ ಇಂಟು' ಎಂದರೆ ವಿಚಾರಿಸುವುದು. "ಆಫೀಸಲ್ಲಿ ಲುಕ್ ಇಂಟು ಮಾಡ್ತೀವಿ ಅಂತ ಬರೆದ್ರೆ, ಏನೂ ಮಾಡಲ್ಲ ಅಂತ ಅರ್ಥ ಕಣೋ" ಎಂದು ಅಕ್ಕ ಒಮ್ಮೆ ಹೇಳಿದ್ದಳು. ಅವಳು ದಣಿದಿದ್ದಾಗಲೇ ಇಂಥ ಮಾತು ಬರುತ್ತಿದ್ದದ್ದು. ಪದದ ಅರ್ಥ ನಿಘಂಟಿನಲ್ಲಿ ಸಿಗುತ್ತದೆ, ಯಾವುದರ ಜೊತೆ ಯಾವುದು ಹೋಗುತ್ತದೆ ಎನ್ನುವುದು ಜನ ಬರೆದ ಕಾಗದಗಳಲ್ಲೇ ಸಿಗುವುದು ಎನ್ನುತ್ತಿದ್ದಳು. ಆಫೀಸಿಗೆ ಬಂದ ಕಾಗದಗಳಲ್ಲಿ ಕಂಡ ಜೋಡಿಗಳನ್ನೆಲ್ಲ ಚೀಟಿಯಲ್ಲಿ ಬರೆದು ತಂದು ಅಡುಗೆಮನೆಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದಳು. ಸಾಸಿವೆ ಸಿಡಿದು ಆ ಚೀಟಿಗಳ ಮೇಲೆಲ್ಲ ಎಣ್ಣೆಯ ಕಲೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೂ ಒಂದೇ ಒಂದು ಚೀಟಿಯನ್ನೂ ಕಿತ್ತು ಎಸೆದವಳಲ್ಲ.

ಒಂದು ದಿನ ನಾನು, ಒಂದೇ ಮಾತಿಗೆ ಇಷ್ಟೊಂದು ಬಾಲ ಯಾಕೆ ಎಂದು ರೇಗಿದೆ. ಅಕ್ಕ ನಕ್ಕಳು. "ನಾವೂ ಬಿದ್ದುಹೋಯ್ತು ಅಂತೀವಲ್ಲ, ಅದು ಬಿದ್ದು ಎಲ್ಲಿಗಾದ್ರೂ ಹೋಗಿರತ್ತಾ? ಎರಡೂ ಸೇರಿದ್ರೇನೇ ಮಾತು" ಎಂದಳು. ಶಾರ್ಟ್‌ಹ್ಯಾಂಡಿನಲ್ಲೂ ಅಂಥ ಎರಡು ಪದಗಳನ್ನು ಪೆನ್ಸಿಲ್ ಎತ್ತದೆ ಒಂದೇ ಎಳೆತದಲ್ಲಿ ಕೂಡಿಸಿ ಬರೆಯಬೇಕಂತೆ. ಎತ್ತಿದರೆ ಹೊತ್ತು ಹೋಗುತ್ತದೆ, ಹೇಳುವವರು ಮುಂದೆ ಹೋಗಿಬಿಡುತ್ತಾರೆ.

ಮೊದಲು ಅಕ್ಕ ಕಲಿಯಲು ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದಳು. ಕೆಲಸ ಸಿಕ್ಕಿದ ಮೇಲೆ ಆಫೀಸಿನ ಹೊತ್ತೂ ಕ್ಲಾಸಿನ ಹೊತ್ತೂ ಒಂದೇ ಆಗಿ ಅದು ನಿಂತಿತು. ಮನೆಯಲ್ಲಿ ಓದಿ ಹೇಳಲು ನಾನೇ ಗತಿಯಾದೆ. ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತಿದ್ದೆ, ಅಕ್ಕ ಉಚ್ಚಾರಣೆ ತಿದ್ದಿದಳು. ಮಗ್ಗಿ ಒಪ್ಪಿಸುವ ಹಾಗೆ ಪಾಠಗಳನ್ನು ಒಪ್ಪಿಸುವುದು ರೂಢಿಯಾಯಿತು. ಓದುವ ವೇಗ ತಪ್ಪಬಾರದೆಂದು ಅಕ್ಕನ ಅಭ್ಯಾಸದ ಪುಸ್ತಕದಲ್ಲಿ ಇಷ್ಟಿಷ್ಟು ಪದಕ್ಕೊಂದು ಓರೆ ಗೆರೆ ಅಚ್ಚಾಗಿರುತ್ತಿತ್ತು. "ಗೆರೆ ಬಂದಾಗ ಗಡಿಯಾರ ನೋಡು" ಎಂದು ಅಕ್ಕ ಹೇಳಿಕೊಟ್ಟಳು. ಅಪ್ಪನ ಟೈಂಪೀಸು ಜಗಲಿಯ ಮೇಲೆ ಟಕಟಕ ಎನ್ನುತ್ತಿತ್ತು. ನಾನು ಗೆರೆಯ ತನಕ ಒಂದೇ ಉಸಿರಿನಲ್ಲಿ ಓದುವುದು, ತಲೆ ಎತ್ತಿ ಮುಳ್ಳು ನೋಡುವುದು, ಉಸಿರೆಳೆದುಕೊಂಡು ಮತ್ತೆ ಓದುವುದು. ಅಕ್ಕ ಚಾಪೆಯ ಮೇಲೆ ಕೂತು ಬರೆಯುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿ ಕಾಫಿ ಲೋಟ ಹಿಡಿದುಕೊಂಡು ಕೇಳುತ್ತಿದ್ದರು. ಅವರಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ನಲ್ಲಿಯ ಹತ್ತಿರ ನಿಂತ ಹೆಂಗಸರು ಕೊಡ ಕೆಳಗಿಟ್ಟು ನನ್ನ ಕಡೆ ನೋಡಿದರೆ, ಅಪ್ಪನ ಮುಖ ಅರಳುತ್ತಿತ್ತು.

ಪರೀಕ್ಷೆ ಒಂದು ಭಾನುವಾರ. ಭಾನುವಾರವೆಂದರೆ ಅಪ್ಪ ಮಧ್ಯಾಹ್ನದವರೆಗೂ ಮಲಗಿ ವಾರದ ನಿದ್ದೆ ತೀರಿಸಿಕೊಳ್ಳುವ ದಿನ. ಆವತ್ತು ಎಲ್ಲರಿಗಿಂತ ಮೊದಲು ಎದ್ದು, ಇಸ್ತ್ರಿ ಮಾಡಿಸಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಸಿದ್ಧವಾಗಿಬಿಟ್ಟಿದ್ದರು. ಅಮ್ಮ ಅಕ್ಕನ ಅಂಗೈಗೆ ಸಕ್ಕರೆ ಹಾಕಿದ ಮೊಸರು ಕೊಟ್ಟಳು. ನಾಲ್ಕು ಪೆನ್ಸಿಲ್‌ಗಳನ್ನು ಎರಡೂ ಕಡೆ ಹೆರೆದು, ಕರ್ಚೀಫಿನಲ್ಲಿ ಸುತ್ತಿ ನಾನು ಹಿಡಿದುಕೊಂಡೆ. ಪರೀಕ್ಷೆಯಿದ್ದ ಶಾಲೆ ಈಗಿನ ಮಹಾಲಕ್ಷ್ಮಿ ಲೇಔಟಿನ ದಿಕ್ಕಿಗೆ. ಮೂವರೂ ನಡೆದೇ ಹೋದೆವು. ದಾರಿಯುದ್ದಕ್ಕೂ ಕೆಂಪು ಮಣ್ಣು, ಅಲ್ಲಲ್ಲಿ ಹೊಸ ಮನೆಗಳ ಪಾಯ, ಒದ್ದೆ ಸಿಮೆಂಟಿನ ವಾಸನೆ. ಏರಿನಲ್ಲಿ ಅಪ್ಪ ಎರಡು ಸಲ ನಿಂತರು. ನಿಂತಾಗಲೆಲ್ಲ ಯಾವುದಾದರೂ ಮನೆಯನ್ನು ತೋರಿಸಿ ಅದು ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದರು.

ಅಕ್ಕ ಒಳಗೆ ಹೋದಳು. ನಾನೂ ಅಪ್ಪನೂ ಕಿಟಕಿಯಿಂದ ಸ್ವಲ್ಪ ದೂರದಲ್ಲಿ, ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಕೆಮ್ಮು ಬಂದಾಗ ಅಪ್ಪ ಎದ್ದು, ಟವೆಲಿನಿಂದ ಬಾಯಿ ಒತ್ತಿ ಹಿಡಿದು, ಗೇಟಿನ ಆಚೆಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಒಳಗಿನ ಮಕ್ಕಳಿಗೆ ತೊಂದರೆಯಾಗಬಾರದಲ್ಲ.

ಗಂಟೆ ಹೊಡೆಯಿತು. ಕಾಗದ ಓದಿ ಹೇಳುವವರು ಶುರು ಮಾಡಿದರು. ಅವರು ನನ್ನ ಹಾಗೆ ಓದುತ್ತಿರಲಿಲ್ಲ. ಯಾರೋ ಎದುರಿಗೆ ಕೂತವರ ಜೊತೆ ಮಾತಾಡಿದ ಹಾಗೆ ಓದುತ್ತಿದ್ದರು. 'ಕಾಲ್ಡ್ ಫಾರ್' ಎನ್ನುವುದು ಒಂದೇ ಪದದ ಹಾಗೆ ಹೋಯಿತು. ನಮ್ಮ ಪುಸ್ತಕದ ಒಂದು ಪಾಠದಲ್ಲೂ ಆ ಜೋಡಿ ಬರುತ್ತಿತ್ತು, 'ಕಾಲ್ಡ್' ಆದ ಮೇಲೆ ಗೆರೆಯಿತ್ತು. ನಾನು ಅಲ್ಲಿ ನಿಂತು, ಗಡಿಯಾರ ನೋಡಿ, ಉಸಿರೆಳೆದು 'ಫಾರ್' ಎನ್ನುತ್ತಿದ್ದೆ. 'ಕ್ಯಾರೀಡ್ ಔಟ್' ಹೋಯಿತು, 'ಡಿಸ್ಪೋಸ್ಡ್ ಆಫ್' ಹೋಯಿತು. ಅವೆಲ್ಲ ಜೋಡಿಗಳೆಂದು ಅಕ್ಕ ಚೀಟಿಯಲ್ಲಿ ಬರೆದಿದ್ದಳು, ನಿಜ. ಆದರೆ ವರ್ಷವಿಡೀ ಅವಳ ಕಿವಿಗೆ ನಾನು ಎಷ್ಟೋ ಜೋಡಿಗಳನ್ನು ಮುರಿದು ಮುರಿದೇ ಹಾಕಿದ್ದೆ. ಅವಳ ಕೈ ನನ್ನ ಉಸಿರಿಗೆ ಒಗ್ಗಿಹೋಗಿತ್ತು. ಕಿಟಕಿಯಿಂದ ಕಾಣುತ್ತಿತ್ತು: ಉಳಿದವರೆಲ್ಲ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು, ಅಕ್ಕನ ಪೆನ್ಸಿಲ್ ಮಾತ್ರ ಆಗಾಗ ಮೇಲಕ್ಕೆ ಎದ್ದು ಗಾಳಿಯಲ್ಲಿ ಕಾಯುತ್ತಿತ್ತು. ಬರಬೇಕಾದ ನಿಲುಗಡೆ ಬರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ನನ್ನ ಹೆಗಲು ತಟ್ಟಿದರು. "ಏನೋ ಇದು, ಹೀಗೆ ಗಡಿಬಿಡಿ ಮಾಡ್ತಾರೆ? ನೀನೇ ವಾಸಿ ಕಣೋ. ನಿಲ್ಸಿ ನಿಲ್ಸಿ ಎಷ್ಟು ಚೆನ್ನಾಗಿ ಓದ್ತೀಯ" ಎಂದರು. ನಾನು ತಲೆ ತಗ್ಗಿಸಿ ಮಣ್ಣಿನಲ್ಲಿ ಕಾಲು ಕೆರೆಯುತ್ತಾ ಕೂತೆ.

ಅಕ್ಕ ಹೊರಗೆ ಬಂದಾಗ ಅಂಗೈಯ ಅಂಚೆಲ್ಲ ಪೆನ್ಸಿಲ್ಲಿನ ಕಪ್ಪು. ಹೇಗಾಯಿತೆಂದು ಅಪ್ಪ ಕೇಳಿದ್ದಕ್ಕೆ "ಪರವಾಗಿಲ್ಲಪ್ಪ, ಕೆಲವು ಪದ ತಪ್ಪಿಹೋಯ್ತು" ಎಂದಳು. ಇಳಿಜಾರಿನಲ್ಲಿ ಅಪ್ಪ ಮುಂದೆ ಹೋದ ಮೇಲೆ ನಾನು ಅವಳ ಸೆರಗು ಹಿಡಿದುಕೊಂಡು ಎಲ್ಲ ಹೇಳಿದೆ. ನಾನು ನಿಂತದ್ದರಿಂದಲೇ ಹೀಗಾಯಿತು ಎಂದೆ.

"ನಿಲ್ಲು ಅಂತ ಹೇಳಿಕೊಟ್ಟಿದ್ದು ನಾನಲ್ವೇನೋ" ಎಂದಳು ಅಕ್ಕ. ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು: "ಅಪ್ಪಂಗೆ ಮಾತ್ರ ಹೇಳ್ಬೇಡ. ನೀನು ಓದೋದು ಕೇಳ್ಬೇಕು ಅಂತಾನೇ ಅವರು ದಿನಾ ಬೆಳಿಗ್ಗೆ ಬಂದು ಕೂತ್ಕೋತಾರೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲವೇನೋ.

ಆ ಸಂಜೆಯೇ ಅವಳು ಪುಸ್ತಕ ತೆಗೆದು ಕೂತಳು. ಪುಟ ಪುಟದಲ್ಲೂ ಜೋಡಿಗಳನ್ನು ಹುಡುಕಿ, ಎರಡು ಪದಗಳ ಕೆಳಗೂ ಸೇರಿ ಬಾಗಿದ ಒಂದು ಗೀಟು ಎಳೆದಳು. ಗೀಟಿದ್ದಲ್ಲಿ ಉಸಿರು ಬಿಡಬಾರದು, ಗಡಿಯಾರವನ್ನು ಅವಳೇ ನೋಡಿಕೊಳ್ಳುತ್ತಾಳೆ. ಹಾಗೆ ಓದುತ್ತಾ ಹೋದ ಮೇಲೆ, ಅರ್ಥವಾಗದಿದ್ದ ಆ ಇಂಗ್ಲಿಷು ನನಗೂ ಅಲ್ಲಲ್ಲಿ ಅರ್ಥವಾಗತೊಡಗಿತು. ಅಪ್ಪನಿಗೆ ಮಾತ್ರ ಈ ಹೊಸ ಓದು ಅಷ್ಟು ಹಿಡಿಸಲಿಲ್ಲ. ಮೊದಲಿನ ಗತ್ತು ಹೋಯಿತು ಎನ್ನುತ್ತಿದ್ದರು.

ಫಲಿತಾಂಶ ಬಂದಾಗ ಅಕ್ಕನ ನಂಬರು ಅದರಲ್ಲಿ ಇರಲಿಲ್ಲ. ಸ್ಟೆನೋ ಕೆಲಸ ಇನ್ನೊಬ್ಬರಿಗೆ ಹೋಯಿತು. ಅಪ್ಪ ಮಾರನೆಯ ಬೆಳಿಗ್ಗೆ ಎಂದಿನ ಹಾಗೆ ಊಟದ ಡಬ್ಬಿ ಹಿಡಿದುಕೊಂಡು ಮಿಲ್ಲಿಗೆ ಹೊರಟರು. ಇನ್ನೂ ಒಂದು ವರ್ಷ ಹಾಗೆಯೇ ಹೋದರು. ಮುಂದಿನ ಸಲ ಅಕ್ಕ ಪಾಸಾದಳು, ಬೇರೊಂದು ಆಫೀಸಿನಲ್ಲಿ ಒಳ್ಳೆಯ ಕೆಲಸವೂ ಸಿಕ್ಕಿತು. ಅಪ್ಪ ಮಾತು ಉಳಿಸಿಕೊಂಡು ಮಿಲ್ಲು ಬಿಟ್ಟರು. ಕೆಮ್ಮು ಅವರನ್ನು ಬಿಡಲಿಲ್ಲ. ಆ ಒಂದು ವರ್ಷ ಉಳಿದಿದ್ದರೆ ಏನಾಗುತ್ತಿತ್ತು ಎಂದು ಈ ವಯಸ್ಸಿನಲ್ಲೂ ಯೋಚಿಸುತ್ತೇನೆ. ಯೋಚಿಸಿ ಯೋಚಿಸಿ ಸಾಕಾಗಿದೆ, ಆದರೂ ಬಿಡುವುದಿಲ್ಲ.

ಈಗ ಬಸವೇಶ್ವರನಗರದ ನಮ್ಮ ಮನೆಯಲ್ಲಿ ನನ್ನ ಮೊಮ್ಮಗಳು ಸೋಫಾದ ಮೇಲೆ ಕಾಲು ಚಾಚಿ ಫೋನಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಆಡಿದ್ದೆಲ್ಲ ಅಲ್ಲೇ ಅಕ್ಷರವಾಗಿ ಮೂಡುತ್ತದೆ. 'ಗಿವ್ ಅಪ್', 'ಪುಟ್ ಅಪ್ ವಿತ್', 'ಕಮ್ ಅಪ್ ವಿತ್' ಎಲ್ಲವೂ ನೀರು ಕುಡಿದಷ್ಟು ಸುಲಭ ಅವಳಿಗೆ. ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ, ಆಡುವ ಮಕ್ಕಳ ಬಾಯಿಂದ ಬಾಯಿಗೆ ಬಂದದ್ದು. ಮೊನ್ನೆ ಶಾಲೆಯ ಟೆಸ್ಟೊಂದರಲ್ಲಿ ಅವಳು ಫೇಲಾದಳು. ಬಾಗಿಲು ಹಾಕಿಕೊಂಡು ಅತ್ತಳು. ಅವಳಪ್ಪ ಆಫೀಸಿನಿಂದ ಬಂದವನು "ಹೋಗ್ಲಿ ಬಿಡೇ, ಮುಂದಿನ ಸಲ ನೋಡ್ಕೊಂಡ್ರಾಯ್ತು" ಎಂದು ಸಮಾಧಾನ ಮಾಡಿ ಪಾನಿಪುರಿ ತಿನ್ನಿಸಲು ಕರೆದುಕೊಂಡು ಹೋದ. ಅವರಿಬ್ಬರೂ ನಗುತ್ತಾ ಗೇಟು ದಾಟುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನಿಮ್ಮ ಇಂಗ್ಲಿಷ್ ಕಂಡು ನನಗೆ ಹೊಟ್ಟೆಕಿಚ್ಚಿಲ್ಲ, ಮಕ್ಕಳೇ. ಆದರೆ ಆವತ್ತು ಆ ಹುಡುಗಿಯನ್ನು ಕಂಡು ಹೊಟ್ಟೆಕಿಚ್ಚಾಯಿತು. ಫೇಲಾದದ್ದು ಅವಳೊಬ್ಬಳೇ, ಅದಕ್ಕಾಗಿ ಮನೆಯಲ್ಲಿ ಬೇರೆ ಯಾರೂ ಒಂದು ದಿನವೂ ಹೆಚ್ಚಿಗೆ ದುಡಿಯಬೇಕಾಗಿ ಬರಲಿಲ್ಲ.