ಬಚ್ಚಲ ಹಿಂದಿನ ಅಚ್ಚು

ಬೆಂಡೆಕಾಯಿಯನ್ನು ಸಾರಿಗೆ ಹೆಚ್ಚುವುದನ್ನು ಕಂಡರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಅಡ್ಡ ಕೊಯ್ದು, ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿದರೆ ಐದೆಸಳಿನ ಹೂವು ಮೂಡಿಸುವ ವಸ್ತುವನ್ನು ತಿಂದು ಮುಗಿಸುವುದೇ? ನನ್ನ ಹೆಂಡತಿ ಈ ವಾದವನ್ನು ಊಟಕ್ಕೆ ಮೊದಲು ಕೇಳುವುದಿಲ್ಲ; ಊಟವಾದ ಮೇಲೆ ನಾನೇ ಎತ್ತುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಚಿಕ್ಕಯ್ಯನಛತ್ರದ ಕಡೆ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಬೇವಿನೆಲೆ, ಹಾಗಲಕಾಯಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಮಸಿ ಹಚ್ಚಿ ಒತ್ತುತ್ತಿದ್ದೆ. ಎಲ್ಲಕ್ಕಿಂತ ಚೆಂದ ಬರುತ್ತಿದ್ದುದು ಬಾಳೆಪಟ್ಟೆ. ಅಡ್ಡ ಕೊಯ್ದರೆ ಒಳಗೆ ಸಾಲು ಸಾಲು ಪುಟ್ಟ ಕಿಟಕಿಗಳು. ಪಟ್ಟೆ ಕೊಡುತ್ತಿದ್ದವರು ರಸಬಾಳೆ ಬೆಳೆಯುತ್ತಿದ್ದ ಮಹದೇವಪ್ಪನವರು. ಒಂದು ವರ್ಷ ಅವರ ತೋಟಕ್ಕೆ ಸೊರಗು ರೋಗ ಬಿದ್ದು, ಒಂದೊಂದೇ ಗಿಡ ಹಳದಿಯಾಗಿ ಒರಗತೊಡಗಿತು. ತಾತನ ಕಾಲದಿಂದ ಬಂದ ತಳಿ ತಮ್ಮ ಕೈಯಲ್ಲಿ ಮುಗಿಯುತ್ತದಲ್ಲ ಎಂಬ ಸಂಕಟ ಅವರಿಗೆ. ನಾನು ಆ ಗಿಡಗಳ ಪಟ್ಟೆಯಿಂದಲೇ ಎರಡು ದೊಡ್ಡ ಅಚ್ಚು ಒತ್ತಿ, ಗಾಜಿನ ಕಟ್ಟು ಹಾಕಿಸಿ, ಒಂದನ್ನು ಅವರಿಗೆ ಕೊಟ್ಟು, ಗಿಡ ಹೋದರೂ ಇದು ಉಳಿಯುತ್ತದೆ ಎಂದು ಧೈರ್ಯ ಹೇಳಿದೆ. ಆಗ ನನಗೆ ನನ್ನ ಮಾತಿನ ಮೇಲೆ ಬಹಳ ನಂಬಿಕೆ.

ನನಗೆ ನರಸೀಪುರಕ್ಕೆ ವರ್ಗವಾದಾಗ ಅವರು ಬಸ್ಸಿನ ಹತ್ತಿರ ಬಂದು ಒದ್ದೆ ಗೋಣಿಯಲ್ಲಿ ಸುತ್ತಿದ ಬಾಳೆಕಂದೊಂದನ್ನು ಕೈಗಿಟ್ಟರು. ರೋಗ ಮುಟ್ಟದ ಒಂದೇ ಬುಡದ್ದಂತೆ.

“ನಮ್ ಮಣ್ಣು ಕೆಟ್ಟೋಯ್ತು ಮೇಷ್ಟ್ರೇ. ನಿಮ್ ಇತ್ಲಲ್ಲಿ ನೆಟ್ಬುಡಿ.”

ದಾಕ್ಷಿಣ್ಯಕ್ಕೆ ಬಚ್ಚಲ ಹಿಂದೆ ನೆಟ್ಟೆ. ನನ್ನ ಪಾಲಿನ ಅಚ್ಚನ್ನು ಮಾತ್ರ ಹಜಾರದಲ್ಲಿ ತೂಗುಹಾಕಿದೆ.

ಏಳೆಂಟು ವರ್ಷದ ಮೇಲೆ ಮಹದೇವಪ್ಪನವರು ಮನೆಗೆ ಬಂದರು. ತೋಟದ ರಸಬಾಳೆ ಪೂರ್ತಿ ಹೋಗಿತ್ತು. ನಾನು ಕೊಟ್ಟಿದ್ದ ಅಚ್ಚಿಗೂ ಬೂಸಲು ಹಿಡಿದಿತ್ತಂತೆ. ನನ್ನದನ್ನು ಗೋಡೆಯ ಕಡೆಯಿಂದ ಗೆದ್ದಲು ತಿಂದು, ಅಚ್ಚಿನೊಳಗಿನ ಪುಟ್ಟ ಕಿಟಕಿಗಳೆಲ್ಲ ನಿಜವಾಗಿಯೂ ತೆರೆದುಕೊಂಡಿದ್ದವು. ನಾನು ನಾಚಿಕೊಂಡು ಕಾಗದದ ಗುಣಮಟ್ಟದ ಬಗ್ಗೆ ಪಾಠ ಶುರುಮಾಡಿದೆ. ತಿರುಗಿ ನೋಡಿದರೆ ಅವರು ಹಿತ್ತಲಿಗೆ ಹೋಗಿದ್ದರು. ಅಲ್ಲಿ ಆ ಕಂದಿನ ಮರಿಮಕ್ಕಳು ಗೊನೆ ಹೊತ್ತು ನಿಂತಿದ್ದವು. ಒಂದು ಹಣ್ಣು ಸುಲಿದು ತಿಂದರು. ಅವರ ಕಣ್ಣು ತುಂಬಿತ್ತು.

“ಅದೇಯ ಕಣ್ ಮೇಷ್ಟ್ರೇ. ನಮ್ ತಾತಂದೇಯ.”

ಬಾಳೆಗೆ ಬಿತ್ತುವ ಬೀಜವಿಲ್ಲ. ತಾಯಿ ತನ್ನನ್ನೇ ಕಂದಿನಲ್ಲಿ ಒತ್ತಿ ಹೋಗುತ್ತದೆ. ನನ್ನ ಅಚ್ಚು ಹತ್ತನೆಯ ಪ್ರತಿಗೇ ಮಸುಕಾಗುತ್ತಿತ್ತು. ಇದು ತಾತನ ಕಾಲದಿಂದ ಒಂದು ಗೆರೆಯೂ ಅಳಿಸದೆ ಬಂದಿದೆ. ಇದನ್ನು ತಿಳಿಯಲು ಡ್ರಾಯಿಂಗ್ ಮೇಷ್ಟ್ರಿಗೆ ಇಷ್ಟು ವರ್ಷ ಬೇಕಾಯಿತು.

ಬಿಳಿಗೆರೆ ಕಡೆ ಅವರು ಹಿಡಿದಿದ್ದ ಹೊಸ ಹೊಲಕ್ಕೆಂದು ನಾಲ್ಕು ಕಂದು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಏರಿಸಿದೆ. ಹಜಾರದ ಗೋಡೆಯಲ್ಲಿ ಈಗ ಮೊಳೆ ಮಾತ್ರ ಉಳಿದಿದೆ. ನಿಮ್ಮ ಅಚ್ಚುಗಳಲ್ಲಿ ಒಳ್ಳೆಯದೊಂದನ್ನು ತೋರಿಸಿ ಎಂದವರನ್ನು ಬಚ್ಚಲ ಹಿಂದಕ್ಕೆ ಕರೆದೊಯ್ಯುತ್ತೇನೆ. ಅದರ ಕೆಳಗೆ ನನ್ನ ರುಜು ಹಾಕುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.