ಗಾಜಿನ ಮೇಲಿಂದ ಕೆರೆದ ಮುಖ

ಪಟ ತೆಗೆದ ಆ ಗಾಜಿನ ಪ್ಲೇಟು ಒಡೆದಿರಲಿಲ್ಲ, ನಂಜಮ್ಮ. ಅದರ ಮೇಲಿದ್ದ ನಿನ್ನ ಮುಖವನ್ನು ಕೆರೆದು ತೆಗೆದವನು ನಾನು. ಒಂದು ಮಧ್ಯಾಹ್ನ ಕುಳಿತು, ಸಣ್ಣ ಚಾಕುವಿನಿಂದ, ನನ್ನ ಕೈಯಾರೆ ಕೆರೆದೆ. ನೀನು ಹೋಗಿ ಮೂರು ತಿಂಗಳಾದ ಮೇಲೆ ಇದನ್ನು ಹೇಳುತ್ತಿದ್ದೇನೆ — ಅದಾದ ಮೇಲೆ ನೀನು ಬದುಕಿದ್ದ ಏಳು ವರ್ಷ ಹೇಳದೆ ಇದ್ದು.

ನಿನಗೆ ಓದಲು ಬರುತ್ತಿರಲಿಲ್ಲ. ಕೊಯಮತ್ತೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವರು ನಾಲ್ಕು ಜನ ಇಲ್ಲ. ನಾನು ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದ್ದು ತಮಿಳಿನಲ್ಲಿ; ಕನ್ನಡದ ಅಕ್ಷರ ಅಜ್ಜ ಕಲಿಸಿದ್ದು. ಆದರೂ ಇದನ್ನು ಕನ್ನಡದಲ್ಲೇ ಬರೆಯಬೇಕು. ಮನೆಯೊಳಗೆ ನಾವಿಬ್ಬರೂ ಬೇರೆ ಭಾಷೆ ಆಡಿದವರಲ್ಲ. ನಿನಗೆ ಸುಳ್ಳು ಹೇಳಿದ್ದೂ ಈ ಭಾಷೆಯಲ್ಲೇ.

ಆ ಪಟ ತೆಗೆದ ವರ್ಷ ಕೊಯಮತ್ತೂರಿಗೆ ಕರೆಂಟು ಬಂದು ಇನ್ನೂ ಹೊಸದು. ಒಪ್ಪಣಕ್ಕಾರ ಬೀದಿಯ ಜವಳಿ ಅಂಗಡಿಗಳವರು ಬಲ್ಬು ಹಾಕಿ, ಗಾಜಿನ ಹಿಂದೆ ಸೀರೆಗಳನ್ನು ನೇತುಹಾಕತೊಡಗಿದ್ದರು. ಅವರಲ್ಲಿ ಒಬ್ಬ ಮುದಲಾಳಿಗೆ, ಅಂಗಡಿಯ ಮಾಲೀಕರಿಗೆ, ಇನ್ನೂ ಒಂದು ಆಸೆ. ದೀಪಾವಳಿಗೆಂದು ನಿನ್ನ ತವರು ನೆಗಮದಲ್ಲಿ ಹೊಸ ಮಾದರಿಯ ಸೀರೆಗಳನ್ನು ನೇಯಿಸಿದ್ದರು. ಅವುಗಳಲ್ಲಿ ಒಳ್ಳೆಯದನ್ನು ಒಬ್ಬಳಿಗೆ ಉಡಿಸಿ, ಪಟ ತೆಗೆಸಿ, ಬಣ್ಣ ಹಾಕಿಸಿ, ಸೇಲಂ, ಮಧುರೆಯ ಅಂಗಡಿಗಳಿಗೆಲ್ಲ ಕಳಿಸಬೇಕೆಂದಿದ್ದರು. ಹೀಗೆ ನಿಲ್ಲಲು ಆಗ ಒಪ್ಪುತ್ತಿದ್ದವರು ನಾಟಕದ ಕಂಪನಿಯ ಹೆಂಗಸರು ಮಾತ್ರ. ಮುದಲಾಳಿಗೆ ಅದು ಬೇಡವಾಗಿತ್ತು. ನಾಟಕದವಳನ್ನು ನೋಡಲು ಗಂಡಸರು ಬರುತ್ತಾರೆ, ಸೀರೆ ಕೊಳ್ಳುವವರು ಬರುವುದಿಲ್ಲ, ಸಂಸಾರಸ್ಥೆಯೇ ಬೇಕು ಎಂದರು.

ನಾನು ಸ್ಟುಡಿಯೋದಲ್ಲಿ ಪ್ಲೇಟು ತೊಳೆಯುವ, ಪಟ ತಿದ್ದುವ, ಬಣ್ಣ ಹಾಕುವ ಕೆಲಸದವನು. ನನ್ನ ಹೆಂಡತಿ ನಿಲ್ಲುತ್ತಾಳೆ ಎಂದುಬಿಟ್ಟೆ. ನೀನು ಒಪ್ಪಿದ್ದು ನನಗಾಗಿ ಅಲ್ಲ, ನನಗೆ ಗೊತ್ತು. ಆರಿಸಿದ ಸೀರೆ ನಿನ್ನ ಅಪ್ಪನ ಮಗ್ಗದಲ್ಲಿ ನೆಯ್ದದ್ದು — ಅರಗಿನ ಬಣ್ಣದ ಒಡಲು, ಗಿಳಿಹಸಿರು ಅಂಚು. ಅದರ ಸೆರಗಿನ ಅರ್ಧ ನೀನೇ ನೆಯ್ದದ್ದು, ಮದುವೆಯಾದ ಮೇಲೂ ತವರಿಗೆ ಹೋದಾಗ.

ಆ ಬೆಳಿಗ್ಗೆ ನೀನು ತಲೆಗೆ ನೀರು ಹಾಕಿಕೊಂಡು, ಹಬ್ಬಕ್ಕೆ ಹಚ್ಚುವಂತೆ ಮುಖಕ್ಕೆ ಅರಿಶಿನ ಹಚ್ಚಿದೆ. ಗೋಡೆಯ ಕನ್ನಡಿಯಿಂದ ತಿರುಗಿ ಕೇಳಿದೆ:

“ಎಂಗೈತುಂಗ?”

ಮದುವೆಯಾಗಿ ಎರಡು ವರ್ಷದಲ್ಲಿ, ಹೇಗಿದೆ ಎಂದು ನೀನು ಕೇಳಿದ್ದು ಅದೇ ಮೊದಲು.

ಸ್ಟುಡಿಯೋದ ಯಜಮಾನರು ನನಗೆ ಕಲಿಸಿದ ಮೊದಲ ಪಾಠ, ಹೆಂಗಸರು ಕುರ್ಚಿಯಲ್ಲಿ ಕೂರುವ ಮುಂಚೆ ಅರಿಶಿನ ತೊಳೆಸಬೇಕು ಎಂಬುದು. ನಮ್ಮ ಪ್ಲೇಟಿಗೆ ಹಳದಿ ಕಾಣುವುದಿಲ್ಲ. ಹಳದಿ ಇದ್ದಲ್ಲೆಲ್ಲ ಪಟದಲ್ಲಿ ಕಪ್ಪು ಬೀಳುತ್ತದೆ. ಎಷ್ಟು ಬೆಳ್ಳಗಿರುವ ಮದುಮಗಳಾದರೂ ಮಸಿ ಬಳಿದವಳಂತೆ ಬರುತ್ತಾಳೆ. ಊರಿನ ಹೆಂಗಸರಿಗೆಲ್ಲ ಬೋಗುಣಿಯಲ್ಲಿ ನೀರು ಕೊಟ್ಟು ತೊಳೆಸಿದವನು ನಾನು. ನಿನಗೆ ಮಾತ್ರ ಹೇಳಲಿಲ್ಲ. ಕನ್ನಡಿಯಿಂದ ತಿರುಗಿದ ಆ ಮುಖಕ್ಕೆ ‘ತೊಳೆದುಕೋ’ ಎನ್ನಲು — ಆಗಲಿಲ್ಲ. ಅಲ್ಲಿ ಹೋಗಿ ಹೇಳಿದರಾಯಿತು ಎಂದುಕೊಂಡೆ. “ಚೆನ್ನಾಗೈತೆ” ಎಂದೆ.

ಸ್ಟುಡಿಯೋದಲ್ಲಿ ಯಜಮಾನರು ಇರಲಿಲ್ಲ, ಮದುವೆಯ ಪಟ ತೆಗೆಯಲು ಪೊಳ್ಳಾಚಿಗೆ ಹೋಗಿದ್ದರು. ಕ್ಯಾಮರಾ ಒಬ್ಬನೇ ಹಿಡಿಯುತ್ತಿದ್ದುದು ನನಗೆ ಅದೇ ಮೊದಲು. ಮುದಲಾಳಿ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ನೀನು ಹಿಂದಿನ ಪರದೆಯಲ್ಲಿ ಬರೆದಿದ್ದ ಅರಮನೆಯ ಮೆಟ್ಟಿಲನ್ನು ನೋಡಿ, ನನಗೆ ಮಾತ್ರ ಕೇಳುವಂತೆ, “ಇದನ್ನತ್ತಿದ್ರೆ ಎಲ್ಲಿಗೆ ಓಗ್ತೀವಿ? ಮೇಲೆ ಅಡುಗೆಮನೆ ಇಲ್ದಿದ್ರೆ ಸಾಕು” ಎಂದೆ. ಆಮೇಲೆ ಯಾರೂ ಹೇಳದೆ ಸೆರಗನ್ನು ತೋಳಿನ ಮೇಲೆ ಬಿಡಿಸಿ ಹಾಸಿದೆ. ನೆಯ್ದ ಹೂವು ಒಂದೂ ಮಡಿಕೆಯಲ್ಲಿ ಮುಚ್ಚಿಹೋಗದಂತೆ ಬೆರಳಿನಿಂದ ಸರಿಮಾಡಿದೆ. ಮುದಲಾಳಿ ಅವಸರ ಮಾಡುವುದನ್ನು ಬಿಟ್ಟು ನೋಡುತ್ತ ನಿಂತರು. ಸೀರೆಯನ್ನು ತೋರಿಸುವುದು ಹೇಗೆಂದು ಅಷ್ಟು ವರ್ಷ ಮಾರಿದ ಅವರಿಗೂ ಗೊತ್ತಿರಲಿಲ್ಲ.

ಅರಿಶಿನವನ್ನು ಮರೆತೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಇಲ್ಲ, ಮರೆತಿರಲಿಲ್ಲ. ಕ್ಯಾಮರಾದ ಕರಿಬಟ್ಟೆಯೊಳಗೆ ತಲೆ ಇಟ್ಟಾಗ ನೆನಪಾಯಿತು. ಗಾಜಿನ ಮೇಲೆ ನೀನು ತಲೆಕೆಳಗಾಗಿ ನಿಂತಿದ್ದೆ, ಮುಖ ಹೊಂಬಣ್ಣ. ಈಗ ಹೊರಗೆ ಬಂದು ಮುಖ ತೊಳೆ ಎಂದರೆ, ಇವನಿಗೆ ಕೆಲಸ ಬರುವುದಿಲ್ಲ ಎಂದು ಮುದಲಾಳಿಗೆ ತಿಳಿಯುತ್ತದೆ, ನಾಳೆ ಯಜಮಾನರ ಕಿವಿಗೂ ಬೀಳುತ್ತದೆ. ಒಂದು ಗಳಿಗೆ ಯೋಚಿಸಿದೆ — ಅಷ್ಟೆ. ಕ್ಯಾಮರಾದ ರಬ್ಬರ್ ಉಂಡೆಯನ್ನು ಒತ್ತಿ ಪಟ ತೆಗೆದುಬಿಟ್ಟೆ.

ಮಾರನೆಯ ದಿನ ಮುದಲಾಳಿ ಬಂದು ಪಟವನ್ನು ಬೆಳಕಿಗೆ ಹಿಡಿದು ನೋಡಿದರು. ಸೀರೆಯನ್ನು ಮೆಚ್ಚಿದರು, ಕೈಯನ್ನು ಮೆಚ್ಚಿದರು. ಆಮೇಲೆ, “ಮುಗಂ ತಾನ್ ಕರುಪ್ಪಾ ಇರುಕ್ಕೇಪ್ಪಾ” ಎಂದರು. ಮುಖ ಮಾತ್ರ ಕಪ್ಪಾಗಿದೆಯಲ್ಲಪ್ಪಾ ಎಂದು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಬೇಕಾದರೆ ಇನ್ನೊಮ್ಮೆ ತೆಗೆಯೋಣವೇ ಎಂದು ಕೇಳುವವರಂತೆ ನನ್ನನ್ನು ನೋಡಿದರು. ಇದು ಅರಿಶಿನ, ಅವಳ ಬಣ್ಣವಲ್ಲ, ತಪ್ಪು ನನ್ನದು — ಇಷ್ಟೇ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

“ಮುಖ ಮಾತ್ರ ಬದಲಾಯಿಸಬಹುದುಂಗ ಅಯ್ಯಾ.”

ಎಂದೋ ಊರು ಬಿಟ್ಟುಹೋದ ನಾಟಕದ ಕಂಪನಿಯ, ಇಲ್ಲಿ ಯಾರಿಗೂ ಗುರುತಿಲ್ಲದ ಒಬ್ಬಳ ಹಳೆಯ ಪ್ಲೇಟು ಸ್ಟುಡಿಯೋದಲ್ಲಿತ್ತು. ಅವಳ ಮುಖವನ್ನು ಅಚ್ಚುಹಾಕಿ, ಕತ್ತರಿಸಿ, ಕಾಗದದ ಪಟದಲ್ಲಿ ನಿನ್ನ ಕುತ್ತಿಗೆಯ ಮೇಲೆ ಅಂಟಿಸಿದೆ. ಸಂದು ಕಾಣದಂತೆ ಕುಂಚದಿಂದ ಮುಚ್ಚಿ, ಅದನ್ನೇ ಮತ್ತೆ ಪಟ ತೆಗೆದೆ. ಇದಕ್ಕೆ ನಿನ್ನ ಪ್ಲೇಟನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ಅದು ಹಾಗೇ ಪೆಟ್ಟಿಗೆಯಲ್ಲಿ ಇರಬಹುದಿತ್ತು, ಇವತ್ತಿಗೂ. ಆದರೆ ಯಜಮಾನರು ಬಂದು ಅದನ್ನು ನೋಡಿದರೆ, ದವಡೆಯ ಕೆಳಗೆ ಅರಿಶಿನ ನಿಂತ ಗೆರೆಯನ್ನು ನೋಡಿದ ಕೂಡಲೇ ಕಂಡುಹಿಡಿಯುತ್ತಿದ್ದರು. ಅದಕ್ಕೇ ಕೆರೆದೆ. ಮೊದಲು ಗಲ್ಲ. ಆಮೇಲೆ ಕೆನ್ನೆ. ಕಣ್ಣುಗಳ ಹತ್ತಿರ ಬಂದಾಗ ಚಾಕು ನಿಂತಿತು ಎಂದು ಬರೆದರೆ ನನಗೆ ಸಮಾಧಾನವಾಗುತ್ತಿತ್ತು. ನಿಲ್ಲಲಿಲ್ಲ.

ಅಂಗಡಿಗಳಿಗೆಂದು ಅಚ್ಚುಹಾಕಿದ ಹಾಳೆಗಳಿಗೆ ಬಣ್ಣ ಹಾಕಿದವನೂ ನಾನೇ. ನೂರಾರು ಹಾಳೆ, ಒಂದೊಂದಕ್ಕೂ ಕೈಯಿಂದ. ನಿನ್ನ ಸೀರೆಗೆ ಅರಗಿನ ಬಣ್ಣ, ಅವಳ ಕೆನ್ನೆಗೆ ಗುಲಾಬಿ. ಪಟ ಏನಾಯಿತು ಎಂದು ನೀನು ಕೇಳಿದಾಗ, “ಪ್ಲೇಟು ಒಡೆದೋಯ್ತು” ಎಂದೆ. “ಅಯ್ಯೋ, ನಿಮಗೆ ಬೈದರಾ?” ಎಂದು ಕೇಳಿದೆ ನೀನು.

ದೀಪಾವಳಿಯ ಹಿಂದಿನ ವಾರ ಒಪ್ಪಣಕ್ಕಾರ ಬೀದಿಯಲ್ಲಿ ಹೋಗುವಾಗ ಅಂಗಡಿಯ ಗಾಜಿನ ಹಿಂದೆ ಆ ಹಾಳೆಯನ್ನು ಕಂಡು ನೀನು ನಿಂತೆ. ಬೇರೆ ಯಾರನ್ನೋ ನಿಲ್ಲಿಸಿ ತೆಗೆದರು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಕಣ್ಣು ಆ ಪಟದ ಕೈಗೆ ಹೋಗಿತ್ತು. ಚಿಕ್ಕಂದಿನಲ್ಲಿ ಮಗ್ಗದ ಹಲಗೆಗೆ ಸಿಕ್ಕಿ ಸೊಟ್ಟಗಾದ ನಿನ್ನ ಉಂಗುರದ ಬೆರಳಿನ ಉಗುರು — ಅದನ್ನು ತಿದ್ದಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಮುದಲಾಳಿ ಹೊರಗೆ ಬಂದು ನಿನ್ನನ್ನು ಗುರುತಿಸಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತೆಂದೇ ಆಡಿದರು: ಸೀರೆ ಕೂತಿರುವುದೆಲ್ಲ ನಿನ್ನ ಕೈಯಿಂದಲೇ ತಾಯಿ, ಮುಖ ಮಾತ್ರ ಸ್ವಲ್ಪ ಕಪ್ಪಾಗಿ ಬಿತ್ತು, ನಿನ್ನ ಯಜಮಾನ ಸರಿಮಾಡಿಬಿಟ್ಟ, ಕೈಚಳಕ ಉಳ್ಳವನು.

ನೀನು ನನಗಿಂತ ಮುಂದೆ ನಡೆದೆ. ಮನೆಗೆ ಬಂದು, ಕಾಲು ತೊಳೆದುಕೊಂಡು, ಒಲೆ ಹೊತ್ತಿಸಿ, ನನ್ನ ಕಡೆ ತಿರುಗದೆ ಹೇಳಿದೆ:

“ನಾನು ಕಪ್ಪು ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ಲ. ಒಂದು ಮಾತು ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ.”

ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ. ಆ ಸುಳ್ಳನ್ನು ನಿನ್ನ ಮನಸ್ಸು ನೋಯದಿರಲಿ ಎಂದು ನಾನು ಹೇಳಿದ್ದೆಂದು ನೀನು ತಿಳಿದೆ. ಅದಕ್ಕಾಗಿ ನನ್ನನ್ನು ಕ್ಷಮಿಸಿಯೂಬಿಟ್ಟೆ. ನಾನು ಅದನ್ನು ತೆಗೆದುಕೊಂಡೆ, ನಂಜಮ್ಮ. ನನ್ನದಲ್ಲದ ಕ್ಷಮೆಯನ್ನು ತೆಗೆದುಕೊಂಡು ಊಟಕ್ಕೆ ಕುಳಿತೆ.

ಆಮೇಲಿನದು ಇನ್ನೂ ಕಷ್ಟ. ಬಣ್ಣ ತಿಳಿಯಾಗಲಿ ಎಂದು ನೀನು ದಿನದಿನವೂ ಹೆಚ್ಚು ಅರಿಶಿನ ಹಚ್ಚತೊಡಗಿದೆ. ಯಾರೋ ಹೇಳಿದರೆಂದು ಹಾಲಿನ ಕೆನೆಯಲ್ಲಿ ಕಲಸಿ ಹಚ್ಚಿದೆ. ನಾನು ಅದೇ ಕನ್ನಡಿಯ ಪಕ್ಕದಲ್ಲಿ ನಿಂತು ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ನಿನ್ನ ತಂಗಿಯ ಮದುವೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಟ ತೆಗೆದಾಗ, ಸಾರು ಉಕ್ಕುತ್ತದೆ ಎಂದು ಒಳಗೆ ಹೋದವಳು ನೀನು, ಬರಲೇ ಇಲ್ಲ. ಎಷ್ಟು ಕರೆದರೂ, “ನಿಮ್ಮ ಗಾಜಿಗೆ ನಾನು ಒಗ್ಗಲ್ಲ ಬಿಡಿ” ಎಂದು ನಕ್ಕೆ. ನಗುವಿನಲ್ಲೇ ಹೇಳುತ್ತಿದ್ದುದರಿಂದ ನಾನೂ ನಕ್ಕುಬಿಡಬಹುದಾಗಿತ್ತು. ನಗುತ್ತಿದ್ದೆ.

ಈ ವರ್ಷ ಆಷಾಢ ಕಳೆಯುವ ಹೊತ್ತಿಗೆ, ಆಡಿ ತಿಂಗಳಲ್ಲಿ, ನಿನಗೆ ಜ್ವರ ಬಂತು. ಒಂಬತ್ತು ದಿನ. ಆ ಒಂಬತ್ತು ದಿನವೂ ನಿನ್ನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಹೇಳಲು ಸಮಯವಿರಲಿಲ್ಲ ಎನ್ನಲಾರೆ.

ನೀನು ಹೋದ ಹತ್ತನೆಯ ದಿನದ ಕಾರ್ಯವೆಲ್ಲ ಮುಗಿದ ಮೇಲೆ ನಿನ್ನ ಅವ್ವ ನನ್ನ ಮುಂದೆ ಬಂದು ಕೂತರು.

“ಅಳಿಯಂದ್ರೇ, ನನ್ನ ಮಗಳದ್ದು ಒಂದು ಪಟ ಕೊಡಿ. ನೆಗಮಕ್ಕೆ ತಗೊಂಡೋಗ್ತೀನಿ.”

“ಇಲ್ಲ ಅತ್ತೆ” ಎಂದೆ.

“ಸಣ್ಣದಾದ್ರೂ ಆಗ್ತದೆ. ಊರೋರ ಪಟ ಎಲ್ಲ ಎತ್ತೋರು ನೀವು.”

“ಒಂದೂ ಇಲ್ಲ.”

ಆಮೇಲೆ ನನಗೇ ಸಮಾಧಾನ ಹೇಳುವಂತೆ ಹೇಳಿದರು: “ಅವಳೇ ಬೇಡ ಅಂದಿರ್ತಾಳೆ. ಕಪ್ಪು ಅಂತ ಅವಳಿಗೆ ಕೊರಗು. ನಂದೇ ಬಣ್ಣ ಅವಳಿಗೆ ಬಂತು. ನಾನೇನು ಮಾಡ್ಲಿ?”

ಮಗಳನ್ನು ಕಳೆದುಕೊಂಡ ತಾಯಿ ತನ್ನ ಮೈಬಣ್ಣಕ್ಕಾಗಿ ನನ್ನ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದರು. ಅವರ ಮುಂದೆಯೂ ನಾನು ತಲೆ ತಗ್ಗಿಸಿ ಕೂತೆ. ಅದನ್ನು ಅವರು ದುಃಖ ಎಂದುಕೊಂಡರು.

ಈ ಮೂರು ತಿಂಗಳು ಮನೆಯಲ್ಲಿ ಒಬ್ಬನೇ ಇದ್ದೇನೆ. ಹಗಲೆಲ್ಲ ಬೇರೆಯವರ ಮುಖ ತಿದ್ದುತ್ತೇನೆ, ಸಂಜೆ ಬಂದು ಬಾಗಿಲು ತೆರೆದರೆ ನೀನು ಇಲ್ಲ. ಪಟ ಇಲ್ಲದಿದ್ದರೇನು, ನನ್ನ ಕೈಗೆ ಗೊತ್ತಿದೆ, ಬರೆಯುತ್ತೇನೆ ಎಂದುಕೊಂಡು ಒಂದು ಭಾನುವಾರ ಕಾಗದ, ಪೆನ್ಸಿಲು ಹಿಡಿದು ಕುಳಿತೆ. ಸೆರಗು ಬಂತು, ಕೈ ಬಂತು. ಮುಖ ಬರೆದು ನೋಡಿದರೆ — ಅದು ಅವಳದು. ನಾಟಕದವಳದು. ಹರಿದುಹಾಕಿ ಮತ್ತೆ ಬರೆದೆ. ಮತ್ತೆ ಅವಳೇ. ಅಷ್ಟೊಂದು ಹಾಳೆಗಳಲ್ಲಿ ನಿನ್ನ ಸೀರೆಯ ಮೇಲೆ ಆ ಕೆನ್ನೆಗೆ ಬಣ್ಣ ಹಾಕಿದ ಕೈ ಇದು. ಇದಕ್ಕೆ ಇನ್ನೊಂದು ಮುಖ ಮರೆತುಹೋಗಿದೆ. ಕಣ್ಣು ಮುಚ್ಚಿದರೆ ನಿನ್ನ ಹುಬ್ಬು ಬರುತ್ತದೆ, ನಗುವಾಗ ಮೇಲೇಳುತ್ತಿದ್ದ ಎಡದ ತುಟಿ ಬರುತ್ತದೆ. ಎಲ್ಲ ಸೇರಿ ನೀನು ಬರುವುದಿಲ್ಲ.

ನಿನ್ನ ಮುಖ ಪೂರ್ತಿಯಾಗಿ ಈಗ ಉಳಿದಿರುವುದು ನಿನ್ನ ಅವ್ವನ ಮನಸ್ಸಿನಲ್ಲಿ ಮಾತ್ರ. ಅಲ್ಲಿ ಅದು ಕಪ್ಪೆಂದು ಕೊರಗುತ್ತಾ ಇದೆ. ಆ ಕೊರಗನ್ನು ಇಟ್ಟವನು ನಾನು, ತೆಗೆಯಬೇಕಾದವನೂ ನಾನೇ. ಇದರಿಂದ ನನಗೆ ಏನೂ ಹಗುರವಾಗಬೇಕಾಗಿಲ್ಲ.

ಶುಕ್ರವಾರ ನೆಗಮಕ್ಕೆ ಹೋಗುತ್ತೇನೆ. ಬಸ್ಸಿಳಿದು ನಿಮ್ಮ ಬೀದಿಗೆ ಹೋಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ನಿನ್ನ ಅವ್ವ ಜಗುಲಿಯಲ್ಲಿ ಕೂತು ನೂಲು ಸುತ್ತುತ್ತಿರುತ್ತಾರೆ. ನನ್ನನ್ನು ಕಂಡರೆ, ಅಳಿಯ ಬಂದ ಎಂದು, ಕುಡಿಯುವ ನೀರು ತರಲು ಏಳುತ್ತಾರೆ. ಅವರು ಏಳುವ ಮೊದಲೇ ಹೇಳಬೇಕು. ಆ ನೀರು ಕುಡಿದ ಮೇಲೆ ನನ್ನಿಂದ ಆಗುವುದಿಲ್ಲ.