ರುಬೇತಿಯ ಹೆಸರು ತಿದ್ದಿದ ಕೌತುನಾ ಅವರು

ಪೆಸಿಫಿಕ್ ಸಾಗರದ ನಮ್ಮ ಗಿಲ್ಬರ್ಟ್ ದ್ವೀಪಗಳಲ್ಲಿ ಬ್ರಿಟಿಷರ ಆಡಳಿತ ನಡೆದ ಬಗೆಯನ್ನು ಲಂಡನ್ನಿಗೆ ಹೋದ ವರದಿಗಳಿಂದಲ್ಲ, ಊರೂರ ನ್ಯಾಯಸ್ಥಾನಗಳ ಗೆದ್ದಲು ಹಿಡಿದ ಪುಸ್ತಕಗಳಿಂದ ಬರೆದ ಕೆಲವೇ ವಿದ್ವಾಂಸರಲ್ಲಿ ಶ್ರೀ ಕೌತುನಾ ಅವರೂ ಒಬ್ಬರು. ನಮ್ಮ ದ್ವೀಪದ ದಾಖಲೆ ಕೊಠಡಿಯನ್ನು ಮೂವತ್ತೊಂದು ವರ್ಷ ಕಾಯ್ದು ಅವರೀಗ ನಿವೃತ್ತರಾಗುತ್ತಿದ್ದಾರೆ. ಓದು ಬಾರದ ಮುದುಕರು ಅಜ್ಜನ ಹೆಸರು ನೋಡಲು ಬಂದರೆ, ಅವರ ಬೆರಳನ್ನೇ ಹಿಡಿದು ಆ ಹೆಸರಿನ ಕೆಳಗೆ ಇಡುತ್ತಿದ್ದರು. ಆ ಮುದುಕರು ಸಾಕೆನ್ನುವವರೆಗೆ ಪುಟ ಮಗುಚುತ್ತಿರಲಿಲ್ಲ.

ಅವರ ಮೊದಲ ಪುಸ್ತಕ ಶಾಲೆಗಳಿಗೂ ಹೋಯಿತು. ಅದರಲ್ಲಿ ಒಂದು ಸಾಲಿತ್ತು: ತೆಂಗಿನಕಾಯಿ ಕದ್ದ ರುಬೇತಿಗೆ ಆರು ತಿಂಗಳ ಸೆರೆ. ಹಸ್ತಪ್ರತಿಯನ್ನು ಟೈಪು ಮಾಡಿದವಳು ನಾನೇ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ರುಬೇತಿಯ ತಂಗಿ ನೇಯ್ ತೆರೆಂಗಾ, ಎಂದರೆ ತೆರೆಂಗಾ ಅಮ್ಮ, ಕೋಲೂರಿಕೊಂಡು ಕಚೇರಿಗೆ ಬಂದರು.

"ಏನೋ ತಮ್ಮಾ, ಬಾಳ ಓದಿದೀಯಂತೆ. ನಮ್ಮಣ್ಣ ಕಳ್ಳ ಅಂತ ನಿಂಗ್ಯಾರು ಹೇಳಿದ್ದು? ಶಾಲೇಲಿ ನನ್ನ ಮೊಮ್ಮಕ್ಕಳನ್ನ ಕಳ್ಳನ ಮನೆಯೋರು ಅಂತಾರೆ."

"ಜೈಲಿನ ಪುಸ್ತಕದಲ್ಲಿದೆ ಅಜ್ಜಿ."

"ಪುಸ್ತಕಕ್ಕೇನು ಗೊತ್ತು? ಕಾಯಿ ಕದ್ದೋನು ನಮ್ಮ ಸೋದರಮಾವ. ಅವನಿಗೆ ಆರು ಸಣ್ಣ ಮಕ್ಕಳು. ಅಣ್ಣ ಹೋಗಿ 'ನಾನೇ' ಅಂದ, ದೊರೆ ಬರ್ಕೊಂಡ. ಮಾವನ ಶಿಕ್ಷೆ ಅಳಿಯ ಹೊರೋದು ನಮ್ಮಲ್ಲಿ ಹೊಸದಾ? ನೀನೂ ಈ ದ್ವೀಪದೋನೇ ಅಲ್ವಾ?"

ಆ ಕೊನೆಯ ಪ್ರಶ್ನೆಗೆ ಕೌತುನಾ ಅವರು ತಲೆ ತಗ್ಗಿಸಿದರು. ಆದರೂ ಒಬ್ಬರ ಮಾತಿನಿಂದ ಇನ್ನೊಂದು ಮನೆಗೆ ಮಸಿ ಬಳಿಯುವವರಲ್ಲ ಅವರು. ಆ ಮಾವನ ಮಕ್ಕಳಲ್ಲಿ ಉಳಿದಿದ್ದ ತೆಕಾವಾ ಅವರಲ್ಲಿಗೆ ಹೋದರು. ಎರಡು ಸಲ ಮೀನಿನ ಮಾತಷ್ಟೇ ಆಯಿತು. ಮೂರನೆಯ ಸಲ ಸುಟ್ಟ ಜೀಗುಜ್ಜೆ ತಿನ್ನುತ್ತಿದ್ದಾಗ ಮುದುಕರೇ ಬಾಯಿಬಿಟ್ಟರು:

"ಹೌದು ಕಣಯ್ಯಾ. ರುಬೇತಿ ಸೆರೆಯಲ್ಲಿದ್ದು ರಸ್ತೆಗೆ ಕಲ್ಲು ಹೊತ್ತ ಆರು ತಿಂಗಳೂ ನಮಗೆ ಅಪ್ಪ ಹಿಡಿದು ತಂದ ಮೀನಿತ್ತು. ಬರಿ. ಹೇಳ್ದೋನು ನಾನು ಅಂತ ನನ್ನ ಹೆಸರೂ ಹಾಕು."

ಕೌತುನಾ ಅವರು ಇನ್ನೂರು ಚೀಟಿ ಅಚ್ಚು ಹಾಕಿಸಿದರು. "ಈ ಪುಟದ ತಪ್ಪು ನನ್ನದು. ರುಬೇತಿ ಕದಿಯಲಿಲ್ಲ, ಮಾವನ ಬದಲಿಗೆ ಸೆರೆಗೆ ಹೋದ. ಹೇಳಿದವರು ಮಾವನ ಮಗ ತೆಕಾವಾ." ಶಾಲೆ ಶಾಲೆಗೆ, ಮನೆ ಮನೆಗೆ ನಡೆದು, ಪ್ರತಿಯೊಂದು ಪುಸ್ತಕಕ್ಕೂ ಕೈಯಾರೆ ಅಂಟಿಸಿದರು. ಕೊನೆಗೆ ಊರ ಸಭಾಮಂದಿರದಲ್ಲಿ, ಎರಡೂ ಮನೆಯವರು ತಂತಮ್ಮ ಜಾಗದಲ್ಲಿ ಕುಳಿತಿರಲು, ಎದ್ದು ನಿಂತು ಅದನ್ನು ಓದಿದರು.

"ಇನ್ನೊಂದ್ಸಲ ಓದು ತಮ್ಮಾ, ನಿಧಾನವಾಗಿ. ಮಕ್ಕಳು ಕೇಳ್ಲಿ," ಎಂದರು ನೇಯ್ ತೆರೆಂಗಾ. ಅವರು ಮತ್ತೆ ಓದಿದರು.

ಜೈಲಿನ ಆ ಪುಸ್ತಕದಲ್ಲಿ ಇನ್ನೂ ನಾನೂರ ಹನ್ನೆರಡು ಹೆಸರುಗಳಿವೆ. ಕಚೇರಿಯ ಕೆಲಸದ ನಡುವೆ ನಿಜಕ್ಕೂ ತಪ್ಪು ಯಾರದಿತ್ತೆಂದು ಅರವತ್ತು ಮನೆಗಳಲ್ಲಷ್ಟೇ ಅವರು ಕೇಳಿ ಬಂದಿದ್ದಾರೆ. ಉಳಿದ ಮನೆಗಳ ಅಂಗಳ ತುಳಿಯಲು ಅವರ ಕಾಲುಗಳಲ್ಲಿ ಬಲವಿರಲಿ. ಅವರು ಹೋಗಿ ಕೇಳುವವರೆಗೂ ಆ ಮನೆಗಳಲ್ಲಿ ನೆನಪಿರುವವರು ಒಬ್ಬರಾದರೂ ಉಳಿದಿರಲಿ.